ದೂರವಾಣಿಯ ಪರಿಭಾಷೆ: ರೂಢ, ಅನ್ವರ್ಥ, ಅಂಕಿತ

ಶಾಸ್ತ್ರವೊಂದನ್ನು ಕಲಿಯಹೊರಟವನಿಗೆ ಮೊದಲು ಎದುರಾಗುವುದು ಅದರ ಪರಿಭಾಷೆ, ವಿಷಯವು ಅನಂತರದ್ದು. ವ್ಯಾಕರಣವನ್ನು ಓದತೊಡಗಿದವನು ‘ವೃದ್ಧಿ’ ಎಂಬ ಮಾತನ್ನು ಕೇಳಿ ಬೆಳವಣಿಗೆಯೆಂದು ತಿಳಿದರೆ ಮುಂದಿನ ಸೂತ್ರಗಳಲ್ಲಿ ಒಂದೂ ಅವನಿಗೆ ದಕ್ಕದು. ಪಾಣಿನಿಯ ಶಾಸ್ತ್ರದಲ್ಲಿ ಅದು ಆ, ಐ, ಔ ಎಂಬ ಮೂರು ಸ್ವರಗಳಿಗೆ ಇಟ್ಟ ಹೆಸರು. ಇಂಥ ಹೆಸರನ್ನು ಹಿರಿಯರು ‘ಸಂಜ್ಞೆ’ ಎಂದು ಕರೆದರು. ಸಂಜ್ಞೆ ತಿಳಿದವನಿಗೆ ಶಾಸ್ತ್ರದ ಬಾಗಿಲು ತೆರೆಯಿತು. ತಿಳಿಯದವನು ಬಾಗಿಲಲ್ಲಿಯೇ ನಿಂತನು.

ಬಸವನ ಬಾಗೇವಾಡಿ ಸೀಮೆಯ ಮಸೂತಿಯಂಥ ಊರಿನಿಂದ ಬಂದು, ಕನ್ನಡ ಮಾಧ್ಯಮದಲ್ಲಿ ಓದಿ, ಪಾಲಿಟೆಕ್ನಿಕ್ ಮುಗಿಸಿ ದೂರಸಂಪರ್ಕದ ಕೆಲಸಕ್ಕೆ ಸೇರಿದ ವಿದ್ಯಾರ್ಥಿಗೆ ಒದಗುವ ಕಷ್ಟವೂ ಇದೇ. ಆಸ್ಪತ್ರೆಗೋ ಕಾರ್ಖಾನೆಗೋ ಬೇಕಾದ ಅಂಕೀಯ ದೂರವಾಣಿ ಯಂತ್ರವನ್ನು ಅಣಿಗೊಳಿಸಲು ಕುಳಿತರೆ ಎಫ್‌ಎಕ್ಸ್‌ಎಸ್, ಎಫ್‌ಎಕ್ಸ್‌ಓ, ಇ-೧, ಆರ್-೨, ಟೈಮ್ ಸ್ಲಾಟ್, ಕ್ಲಾಕ್ ಸೋರ್ಸ್, ಸಿಗ್ನಲಿಂಗ್, ಪ್ರೋಟೋಕಾಲ್ ಎಂಬ ಹೆಸರುಗಳ ಸಾಲೇ ಅವನ ಮುಂದೆ ನಿಲ್ಲುತ್ತದೆ. ವಿದ್ಯುತ್ತಿನ ತತ್ತ್ವವನ್ನು ಅವನು ಶಾಲೆಯಲ್ಲಿಯೇ ಅರಿತಿದ್ದಾನೆ. ಲೆಕ್ಕದಲ್ಲಿ ಅವನು ಹಿಂದಿಲ್ಲ. ಅವನು ಎಡವುವುದು ಹೆಸರಿನಲ್ಲಿ. ಎಡವಿದವನು ತನ್ನ ಬುದ್ಧಿಯನ್ನೇ ಹಳಿದುಕೊಂಡು ಹಿಂಜರಿಯುತ್ತಾನೆ, ನಷ್ಟವಾಗುವುದು ಇಲ್ಲಿಯೇ.

ಈ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ೧೯೪೮ರಲ್ಲಿಯೇ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪಿತವಾಯಿತು. ೧೯೮೪ರಲ್ಲಿ ಭಾರತ ಸರ್ಕಾರವು ‘ಸಿ-ಡಾಟ್’ ಎಂಬ ಸಂಶೋಧನ ಸಂಸ್ಥೆಯನ್ನು ತೆರೆದು, ನಮ್ಮ ಹಳ್ಳಿಗಳಿಗೆ ತಕ್ಕ ಅಂಕೀಯ ವಿನಿಮಯ ಕೇಂದ್ರವನ್ನು ರೂಪಿಸುವ ಹೊಣೆಯನ್ನು ಅದಕ್ಕೆ ವಹಿಸಿತು. ಹೊರದೇಶದ ಯಂತ್ರಗಳಿಗೆ ತಂಪುಗೊಳಿಸಿದ ಕೋಣೆ ಬೇಕಾಗಿತ್ತು. ಸಿ-ಡಾಟ್ ತಯಾರಿಸಿದ ಗ್ರಾಮೀಣ ಕೇಂದ್ರವು ಹಳ್ಳಿಯ ಬಿಸಿಲು ಧೂಳುಗಳ ನಡುವೆ, ಅಂಥ ಏರ್ಪಾಡಿಲ್ಲದೆಯೇ ನಡೆಯುವಂಥದು. ೧೨೮ ದ್ವಾರಗಳ ಆ ಕೇಂದ್ರವು ಮೊಟ್ಟಮೊದಲು ಸ್ಥಾಪಿತವಾದದ್ದು ೧೯೮೬ರ ಜುಲೈ ತಿಂಗಳಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಅನಂತರದ ವರ್ಷಗಳಲ್ಲಿ ದೇಶದ ಸಾವಿರಾರು ಗ್ರಾಮಗಳಿಗೆ ಅದೇ ಮಾದರಿಯ ಕೇಂದ್ರಗಳು ಬಂದವು. ಯಂತ್ರವು ಹಳ್ಳಿಗೆ ಬಂದಿತು. ಅದರ ಪರಿಭಾಷೆ ಮಾತ್ರ ಹಳ್ಳಿಯ ನುಡಿಗೆ ಬರಲಿಲ್ಲ.

ಪರಿಭಾಷೆಯನ್ನು ಕನ್ನಡಿಸುವವರಲ್ಲಿ ಎರಡು ಪಂಥಗಳುಂಟು. ಎಲ್ಲವನ್ನೂ ಅನುವಾದಿಸಬೇಕೆಂಬುದು ಒಂದು. ಏನನ್ನೂ ಮುಟ್ಟದೆ ಇದ್ದಂತೆಯೇ ಬಳಸಬೇಕೆಂಬುದು ಇನ್ನೊಂದು. ಈ ವಿವಾದಕ್ಕೆ ಪರಿಹಾರವು ಶಾಲಾ ವ್ಯಾಕರಣದಲ್ಲಿಯೇ ಇದೆ. ನಾಮಪದಗಳು ರೂಢ, ಅನ್ವರ್ಥ, ಅಂಕಿತ ಎಂದು ಮೂರು ಬಗೆ. ಮರ, ನದಿ ಎಂಬವು ರೂಢಿಯಿಂದ ಬಂದವು. ಶಿಕ್ಷಕ, ವ್ಯಾಪಾರಿ ಎಂಬವು ಕೆಲಸವನ್ನೇ ಹೇಳುವ ಅನ್ವರ್ಥಗಳು. ಸಿದ್ದಪ್ಪ, ಕೃಷ್ಣಾ ಎಂಬವು ಗುರುತಿಗಾಗಿ ಇಟ್ಟ ಅಂಕಿತಗಳು. ದೂರವಾಣಿಯ ಪದಗಳನ್ನೂ ಈ ಮೂರು ರಾಶಿಗಳಲ್ಲಿ ಹಾಕಿ ನೋಡಿದರೆ ಯಾವುದನ್ನು ಅನುವಾದಿಸಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಮೊದಲು ಅನ್ವರ್ಥಗಳನ್ನು ನೋಡಬಹುದು. ಮನುಷ್ಯನ ದನಿಯು ತಂತಿಯಲ್ಲಿ ಅಲೆಯಾಗಿ ಸಾಗುತ್ತದೆ. ಅಂಕೀಯ ವಿಧಾನದಲ್ಲಿ ಆ ಅಲೆಯನ್ನು ಕ್ಷಣಕ್ಷಣಕ್ಕೂ ಅಳೆದು, ಅಳತೆಯ ಸಂಖ್ಯೆಯನ್ನು ಮಾತ್ರ ಕಳುಹಿಸುತ್ತಾರೆ. ಸೆಕೆಂಡಿಗೆ ೮,೦೦೦ ಸಲ ಅಳತೆ. ಪ್ರತಿ ಅಳತೆಗೂ ೮ ಬಿಟ್, ಎಂದರೆ ೨೫೬ ಮಟ್ಟಗಳಲ್ಲಿ ಒಂದು. ಹೀಗೆ ಒಂದು ದನಿಗೆ ಸೆಕೆಂಡಿಗೆ ೬೪,೦೦೦ ಬಿಟ್ ಬೇಕು. ಬ್ರಿಟನ್ನಿನ ಅಲೆಕ್ ರೀವ್ಸ್ ಎಂಬ ಇಂಜಿನಿಯರು ೧೯೩೭ರಲ್ಲಿ ಕಂಡ ಉಪಾಯವಿದು. ಇಲ್ಲಿ ‘ಸ್ಯಾಂಪ್ಲಿಂಗ್’ ಎಂಬುದಕ್ಕೆ ‘ಮಾದರಿಗ್ರಹಣ’ ಎಂದರೆ ಸಾಕು. ಧಾನ್ಯದ ರಾಶಿಯಿಂದ ಹಿಡಿಯಷ್ಟು ತೆಗೆದು ನೋಡಿ ದರ ಕಟ್ಟುವುದನ್ನು ಪೇಟೆಯಲ್ಲಿ ಕಂಡ ಹುಡುಗನಿಗೆ ಅರ್ಥವು ಕೂಡಲೇ ಹೊಳೆಯುತ್ತದೆ.

ಒಂದೇ ತಂತಿಯಲ್ಲಿ ಹಲವು ದನಿಗಳನ್ನು ಕಳುಹಿಸುವ ಬಗೆಯೂ ಹೀಗೆಯೇ ತಿಳಿಯಾಗಬಲ್ಲದು. ಕಾಲುವೆಯ ನೀರನ್ನು ರೈತರು ಪಾಳಿಯ ಮೇಲೆ ಹಂಚಿಕೊಳ್ಳುತ್ತಾರೆ. ಒಬ್ಬನ ಪಾಳಿ ಮುಗಿದೊಡನೆ ಇನ್ನೊಬ್ಬನ ಮಡೆ ತೆರೆಯುತ್ತದೆ. ಭಾರತದಲ್ಲಿಯೂ ಯುರೋಪಿನಲ್ಲಿಯೂ ಬಳಕೆಗೆ ಬಂದ ಇ-೧ ಮಾರ್ಗದಲ್ಲಿ ಒಂದು ಸುತ್ತಿಗೆ ಇಂಥ ೩೨ ಪಾಳಿಗಳಿವೆ. ಒಂದು ಪಾಳಿಗೆ ೮ ಬಿಟ್; ಸೆಕೆಂಡಿಗೆ ೮,೦೦೦ ಸುತ್ತು; ಒಟ್ಟು ಸೆಕೆಂಡಿಗೆ ೨೦,೪೮,೦೦೦ ಬಿಟ್. ಪಾಳಿಗಳನ್ನು ಸೊನ್ನೆಯಿಂದ ಎಣಿಸುತ್ತಾರೆ. ಸೊನ್ನೆಯ ಪಾಳಿಯು ಸುತ್ತು ಎಲ್ಲಿ ಆರಂಭವಾಯಿತೆಂಬುದನ್ನು ತಿಳಿಸಲು ಮೀಸಲು. ಸಾಮಾನ್ಯವಾಗಿ ೧೬ನೆಯದು ಸಂಜ್ಞೆಗಳಿಗೆ ಮೀಸಲು. ಉಳಿದ ೩೦ ಪಾಳಿಗಳಲ್ಲಿ ೩೦ ಸಂಭಾಷಣೆಗಳು ಏಕಕಾಲದಲ್ಲಿ ನಡೆಯುತ್ತವೆ. ‘ಟೈಮ್ ಸ್ಲಾಟ್’ ಎಂಬುದನ್ನು ‘ಕಾಲಾವಕಾಶಖಂಡ’ ಎಂದು ಬರೆದರೆ ಓದುಗನು ಬೆಚ್ಚುತ್ತಾನೆ. ‘ಪಾಳಿ’ ಎಂದರೆ ನಗುತ್ತ ಕಲಿಯುತ್ತಾನೆ.

ಪಾಳಿ ತಪ್ಪದಿರಬೇಕಾದರೆ ಎರಡೂ ತುದಿಗಳ ಗಡಿಯಾರ ಒಂದಾಗಿರಬೇಕು. ಭಜನೆಯ ಮೇಳದಲ್ಲಿ ಒಬ್ಬನ ತಾಳವನ್ನು ಉಳಿದವರು ಅನುಸರಿಸುವಂತೆ ಒಂದು ತುದಿಯು ಕಾಲವನ್ನು ಕೊಡಬೇಕು, ಇನ್ನೊಂದು ಅದನ್ನು ಹಿಡಿಯಬೇಕು. ಸಾಮಾನ್ಯವಾಗಿ ಕೊಡುವುದು ವಿನಿಮಯ ಕೇಂದ್ರ, ಹಿಡಿಯುವುದು ಕಚೇರಿಯ ಯಂತ್ರ. ಎರಡೂ ತಮ್ಮ ತಮ್ಮ ತಾಳವನ್ನೇ ಹಾಕಿದರೆ ಆಗಾಗ ಒಂದು ಸುತ್ತು ಬಿಟ್ಟುಹೋಗುತ್ತದೆ, ಇಲ್ಲವೆ ಎರಡು ಬಾರಿ ಬರುತ್ತದೆ. ಮಾತಿನಲ್ಲಿ ಅದು ‘ಟಕ್’ ಎಂಬ ಸದ್ದಾಗಿ ಕೇಳಿಸೀತು. ಫ್ಯಾಕ್ಸ್ ಆದರೆ ಕೆಟ್ಟೇ ಹೋದೀತು. ‘ಕ್ಲಾಕ್ ಸೋರ್ಸ್’ ಎಂಬುದನ್ನು ‘ಕಾಲಮೂಲ’ ಎಂದು ತಿಳಿದವನು, ತಾಳ ಹಾಕುವವರು ಯಾರೆಂದು ಮೊದಲು ವಿಚಾರಿಸುತ್ತಾನೆ.

ಇನ್ನು ಸಂಜ್ಞೆ. ವ್ಯಾಕರಣದ ಈ ಹಳೆಯ ಪದವು ಇಲ್ಲಿ ‘ಸಿಗ್ನಲಿಂಗ್’ ಎಂಬುದಕ್ಕೆ ಸಹಜವಾಗಿ ಒದಗುತ್ತದೆ. ಮಾತು ಬೇರೆ, ಮಾತಿಗೆ ದಾರಿ ಮಾಡಿಕೊಡುವ ಸೂಚನೆ ಬೇರೆ. ಯಾರಿಗೆ ಕರೆ, ಗಂಟೆ ಬಾರಿಸಿತೆ, ಎತ್ತಿಕೊಂಡರೆ, ಕೆಳಗಿಟ್ಟರೆ ಎಂಬ ಸುದ್ದಿಯೇ ಸಂಜ್ಞೆ. ಇದರಲ್ಲಿ ಎರಡು ಕ್ರಮಗಳಿವೆ. ಒಂದರಲ್ಲಿ ೧೬ನೆಯ ಪಾಳಿಯನ್ನೇ ಮಾತಿನ ವಾಹಿನಿಗಳು ಸರದಿಯಂತೆ ಹಂಚಿಕೊಳ್ಳುತ್ತವೆ: ಪ್ರತಿ ಸುತ್ತಿಗೆ ಎರಡು ವಾಹಿನಿಗಳ ಸುದ್ದಿಯಂತೆ ೧೫ ಸುತ್ತುಗಳಲ್ಲಿ ೩೦ ವಾಹಿನಿಗಳ ಸುದ್ದಿ ಮುಗಿಯುತ್ತದೆ, ಆ ಸರದಿಯ ಆರಂಭವನ್ನು ತಿಳಿಸಲು ಇನ್ನೊಂದು, ಒಟ್ಟು ೧೬ ಸುತ್ತು. ಇದು ವಾಹಿನಿಗತ ಸಂಜ್ಞೆ. ಆರ್-೨ ಕ್ರಮವು ಈ ಜಾತಿಯದು. ಇನ್ನೊಂದರಲ್ಲಿ ಎಲ್ಲ ಕರೆಗಳ ಸುದ್ದಿಯೂ ಒಂದೇ ವಾಹಿನಿಯಲ್ಲಿ, ಯಾವುದಕ್ಕೆ ಬೇಕೋ ಅದಕ್ಕೆ, ಬರೆದ ಓಲೆಯಂತೆ ಹೋಗುತ್ತದೆ. ಇದು ಸಾಮಾನ್ಯವಾಹಿನಿ ಸಂಜ್ಞೆ. ಸಂತೆಯಲ್ಲಿ ಪ್ರತಿ ಚೀಲಕ್ಕೂ ಅದರದೇ ಚೀಟಿ ಕಟ್ಟುವುದು ಮೊದಲನೆಯ ರೀತಿ. ಒಬ್ಬ ಲೆಕ್ಕಿಗನು ಒಂದೇ ಖಾತೆಪುಸ್ತಕದಲ್ಲಿ ಎಲ್ಲ ಚೀಲಗಳನ್ನೂ ಬರೆದಿಡುವುದು ಎರಡನೆಯ ರೀತಿ.

‘ಪ್ರೋಟೋಕಾಲ್’ ಎಂಬುದಕ್ಕೆ ‘ಶಿಷ್ಟಾಚಾರ’ ಎಂಬ ಪದವು ಸಿದ್ಧವಾಗಿದೆ. ಮನೆಗೆ ಬಂದವರನ್ನು ‘ಬರ್ರಿ’ ಎನ್ನುವುದು, ನೀರು ಕೊಡುವುದು, ಕ್ಷೇಮ ಕೇಳುವುದು, ಅನಂತರ ಬಂದ ಕಾರ್ಯ ವಿಚಾರಿಸುವುದು ಎಂಬ ಕ್ರಮವಿದೆಯಷ್ಟೆ. ಯಂತ್ರಗಳಿಗೂ ಅಂಥ ಕ್ರಮವುಂಟು. ಅಂತರಜಾಲದ ಮೂಲಕ ಮಾತನಾಡಿಸುವ ‘ಸಿಪ್’ ಎಂಬ ಶಿಷ್ಟಾಚಾರವು ೧೯೯೯ರಲ್ಲಿ ಪ್ರಕಟವಾಗಿ ೨೦೦೨ರಲ್ಲಿ ಪರಿಷ್ಕೃತವಾಯಿತು. ಅದರಲ್ಲಿ ಮೊದಲು ಆಹ್ವಾನ ಹೋಗುತ್ತದೆ. ಆ ಕಡೆಯಿಂದ ೧೮೦ ಎಂಬ ಅಂಕ ಬಂದರೆ ಗಂಟೆ ಬಾರಿಸುತ್ತಿದೆ ಎಂದರ್ಥ. ೨೦೦ ಬಂದರೆ ಒಪ್ಪಿಗೆ. ಒಪ್ಪಿಗೆ ತಲುಪಿತೆಂದು ಈ ಕಡೆಯವರು ತಿಳಿಸಿದ ಮೇಲೆ ಕರೆ ಸ್ಥಿರವಾಗುತ್ತದೆ. ಮುಗಿದಾಗ ವಿದಾಯದ ಸಂದೇಶ. ಒಬ್ಬರು ಒಂದು ಶಿಷ್ಟಾಚಾರವನ್ನೂ ಇನ್ನೊಬ್ಬರು ಬೇರೊಂದನ್ನೂ ಹಿಡಿದರೆ, ತಂತಿ ಸರಿಯಾಗಿದ್ದೂ ಮಾತು ನಡೆಯದು.

ಎರಡನೆಯ ರಾಶಿ ರೂಢಗಳದು. ಬಿಟ್, ಕಾರ್ಡು, ಲೈನು, ಟ್ರಂಕು ಮೊದಲಾದವು ಇದರಲ್ಲಿ ಸೇರುತ್ತವೆ. ಎರಡು ಕೇಂದ್ರಗಳ ನಡುವಣ ಹಿರಿಯ ಮಾರ್ಗಕ್ಕೆ ಟ್ರಂಕ್ ಎಂದು ಹೆಸರು. ಇದನ್ನು ‘ಕಾಂಡ’ ಎಂದರೆ ಮರವೂ ರಾಮಾಯಣವೂ ನೆನಪಾದಾವು. ಹಳ್ಳಿಯ ಮನೆಯಲ್ಲಿ ಟ್ರಂಕೆಂದರೆ ಬಟ್ಟೆಯಿಡುವ ತಗಡಿನ ಪೆಟ್ಟಿಗೆ. ಆದರೂ ‘ಟ್ರಂಕ್ ಕಾಲ್’ ಎಂದೊಡನೆ ಪೆಟ್ಟಿಗೆಯನ್ನು ಯಾರೂ ನೆನೆಯುತ್ತಿರಲಿಲ್ಲ. ಜನರ ಬಾಯಲ್ಲಿ ಉಕಾರ ಸೇರಿ, ವಿಭಕ್ತಿ ಹತ್ತಿ ಕನ್ನಡವಾದ ಇಂಥ ಪದಗಳನ್ನು ಹೊರಗೆ ಹಾಕುವುದು ಉಚಿತವಲ್ಲ.

ಮೂರನೆಯವು ಅಂಕಿತಗಳು. ಇ-೧, ಆರ್-೨, ಸಿಪ್ ಎಂಬವು ಗುರುತಿನ ಹೆಸರುಗಳು. ಸಿದ್ದಪ್ಪನು ಯಾವ ದೇಶಕ್ಕೆ ಹೋದರೂ ಸಿದ್ದಪ್ಪನೇ. ದನಿಯ ಅಳತೆಗೆ ಮಟ್ಟ ಕಟ್ಟುವ ಎರಡು ಸೂತ್ರಗಳುಂಟು: ಭಾರತ, ಯುರೋಪುಗಳಲ್ಲಿ ಎ-ನಿಯಮ, ಅಮೆರಿಕ, ಜಪಾನುಗಳಲ್ಲಿ ಮ್ಯೂ-ನಿಯಮ. ‘ನಿಯಮ’ವನ್ನು ಕನ್ನಡಿಸಬಹುದು, ‘ಎ’, ‘ಮ್ಯೂ’ಗಳನ್ನು ಕನ್ನಡಿಸಲಾಗದು. ಒಂದು ತುದಿಗೆ ಒಂದು, ಇನ್ನೊಂದಕ್ಕೆ ಮತ್ತೊಂದು ಇಟ್ಟರೆ ಕರೆ ಕೂಡುತ್ತದೆ, ದನಿ ಮಾತ್ರ ಒಡಕಾಗಿ ವಿಕಾರಗೊಳ್ಳುತ್ತದೆ.

ಈ ಮೂರನ್ನೂ ಬೆರೆಸಿಕೊಂಡು ಹೊಸಬರನ್ನು ಅತಿಯಾಗಿ ಕಾಡುವ ಜೋಡಿಯೊಂದಿದೆ: ಎಫ್‌ಎಕ್ಸ್‌ಎಸ್ ಮತ್ತು ಎಫ್‌ಎಕ್ಸ್‌ಓ. ವಿಸ್ತರಿಸಿದರೆ ಫಾರಿನ್ ಎಕ್ಸ್‌ಚೇಂಜ್ ಸ್ಟೇಷನ್, ಫಾರಿನ್ ಎಕ್ಸ್‌ಚೇಂಜ್ ಆಫೀಸ್. ಪದಕ್ಕೆ ಪದವಿಟ್ಟು ‘ವಿದೇಶಿ ವಿನಿಮಯ ಕಚೇರಿ’ ಎಂದರೆ ಡಾಲರು ಬದಲಿಸುವ ಬ್ಯಾಂಕು ಕಣ್ಣಿಗೆ ಕಟ್ಟುತ್ತದೆ! ತನ್ನ ಊರಿನದಲ್ಲದ, ಪರವೂರಿನ ವಿನಿಮಯ ಕೇಂದ್ರದಿಂದ ಚಂದಾದಾರನು ಪಡೆಯುತ್ತಿದ್ದ ಲೈನಿಗೆ ಹಿಂದೆ ಈ ಹೆಸರಿತ್ತು. ‘ಸ್ಟೇಷನ್’ ಎಂದರೆ ದೂರವಾಣಿ ಉಪಕರಣದ ತುದಿ. ‘ಆಫೀಸ್’ ಎಂದರೆ ಕೇಂದ್ರದ ತುದಿ.

ಇಲ್ಲಿ ಸಮಾಸದ ವಿಗ್ರಹವೇ ಗೊಂದಲವನ್ನು ಬಿಡಿಸಬೇಕು. ಎಫ್‌ಎಕ್ಸ್‌ಎಸ್ ದ್ವಾರವೆಂದರೆ ‘ಉಪಕರಣವೇ ಆದ ದ್ವಾರ’ ಎಂದು ಕರ್ಮಧಾರಯವಾಗಿ ಬಿಡಿಸಿದರೆ ತಪ್ಪು. ‘ಉಪಕರಣಕ್ಕಾಗಿ ಇರುವ ದ್ವಾರ’ ಎಂದು ಚತುರ್ಥೀ ತತ್ಪುರುಷವಾಗಿ ಬಿಡಿಸಬೇಕು. ಅದಕ್ಕೆ ಜೋಡಿಸುವುದು ದೂರವಾಣಿಯನ್ನು. ಆದ್ದರಿಂದ ಅದು ತಾನು ಕೇಂದ್ರದಂತೆ ವರ್ತಿಸಿ ೪೮ ವೋಲ್ಟಿನ ವಿದ್ಯುತ್ತನ್ನೂ ಡಯಲ್ ಸ್ವರವನ್ನೂ ಗಂಟೆಯನ್ನೂ ಕೊಡುತ್ತದೆ. ಎಫ್‌ಎಕ್ಸ್‌ಓ ದ್ವಾರಕ್ಕೆ ಜೋಡಿಸುವುದು ಕೇಂದ್ರದಿಂದ ಬಂದ ಲೈನನ್ನು. ಅದು ದೂರವಾಣಿಯಂತೆ ವರ್ತಿಸಿ ಇವನ್ನೆಲ್ಲ ಪಡೆಯುತ್ತದೆ. ಆದಕಾರಣ ‘ಉಪಕರಣಮುಖ ದ್ವಾರ’, ‘ಕೇಂದ್ರಮುಖ ದ್ವಾರ’ ಎಂಬ ಹೆಸರುಗಳು ಅನ್ವರ್ಥವಾಗುತ್ತವೆ.

ಗೊಂದಲ ಇಷ್ಟಕ್ಕೇ ನಿಲ್ಲುವುದಿಲ್ಲ. ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶವನ್ನು ಅಣಿಗೊಳಿಸುವಾಗ ಎಫ್‌ಎಕ್ಸ್‌ಎಸ್ ದ್ವಾರಕ್ಕೆ ಎಫ್‌ಎಕ್ಸ್‌ಓ ಸಂಜ್ಞೆಯೆಂದೂ, ಎಫ್‌ಎಕ್ಸ್‌ಓ ದ್ವಾರಕ್ಕೆ ಎಫ್‌ಎಕ್ಸ್‌ಎಸ್ ಸಂಜ್ಞೆಯೆಂದೂ ತಿರುಗಿಸಿ ಬರೆಯಬೇಕು. ಇದು ಮುದ್ರಣದೋಷವೆಂದು ಭಾವಿಸಿ ತಿದ್ದಿದವನ ದ್ವಾರವು ಕೆಲಸ ಮಾಡದು. ಮಾವನ ಬಾಯಲ್ಲಿ ಬರುವ ಸಂಬೋಧನೆ ‘ಅಳಿಯಂದಿರೇ’ ಎಂದು. ಅಳಿಯನ ಬಾಯಲ್ಲಿ ಬರುವುದು ‘ಮಾವನವರೇ’ ಎಂದು. ತಾನು ಯಾರೆಂಬುದು ಒಂದು ಹೆಸರು, ಎದುರಿನವರನ್ನು ಹೇಗೆ ಮಾತನಾಡಿಸಬೇಕೆಂಬುದು ಇನ್ನೊಂದು. ಇಷ್ಟನ್ನು ಹೇಳಿದರೆ ಹತ್ತನೆಯ ತರಗತಿಯ ಬಾಲಕನಿಗೂ ಸಂಶಯ ಉಳಿಯದು.

ಕನ್ನಡದಲ್ಲಿ ಶಾಸ್ತ್ರವನ್ನು ಹೇಳುವ ಪ್ರಯತ್ನಕ್ಕೆ ಶತಮಾನದ ಹಿನ್ನೆಲೆಯಿದೆ. ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಪತ್ರಿಕೆಯನ್ನು ಹೊರತಂದದ್ದು ೧೯೧೮ರಲ್ಲಿ. ಮೈಸೂರಿನಲ್ಲಿ ೧೯೩೫ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ನಡೆಸಿದ ಬಾನುಲಿ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು. ಒಳ್ಳೆಯ ಪದವು ಹೀಗೆ ತಾನೇ ದಾರಿ ಮಾಡಿಕೊಳ್ಳುತ್ತದೆ. ಇಂದು ತಾಮ್ರದ ತಂತಿ ವಿರಳವಾಗಿ ಮೊಬೈಲು ಎಲ್ಲರ ಕೈಗೂ ಬಂದಿದೆ. ಆದರೂ ಪಾಳಿ, ಕಾಲಮೂಲ, ಸಂಜ್ಞೆ, ಶಿಷ್ಟಾಚಾರ ಎಂಬ ತತ್ತ್ವಗಳು ಬೇರೆ ಬೇರೆ ವೇಷದಲ್ಲಿ ಅದರ ಹಿಂದೆಯೂ ಇವೆ.

ಶಾಲೆಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಪ್ರಯೋಗಶಾಲೆಯ ಗೋಡೆಯ ಮೇಲೆ ಮೂರು ಸಾಲಿನ ಪಟವೊಂದು ತೂಗಲಿ: ಪದ, ಅದರ ವಿಗ್ರಹ, ಅದು ಮಾಡುವ ಕೆಲಸ. ದೂರಸಂಪರ್ಕದ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ಪದಗಳನ್ನು ಒದಗಿಸಲಿ. ಕನ್ನಡದ ಅಧ್ಯಾಪಕರು ಅವನ್ನು ರೂಢ, ಅನ್ವರ್ಥ, ಅಂಕಿತಗಳೆಂದು ವಿಂಗಡಿಸಲಿ. ವಿಜ್ಞಾನದ ಅಧ್ಯಾಪಕರು ಅರ್ಥವನ್ನು ಒರೆಹಚ್ಚಲಿ. ದಾನಿಗಳು ಅದನ್ನು ಅಚ್ಚು ಮಾಡಿಸಲಿ. ಆಗ ಹಳ್ಳಿಯ ವಿದ್ಯಾರ್ಥಿಯು ಹೊಸ ಯಂತ್ರದ ಮುಂದೆ ಕುಳಿತಾಗ, ಅಪರಿಚಿತ ಹೆಸರಿಗೆ ಅಂಜದೆ, ‘ಇದು ಯಾವ ಬಗೆಯ ನಾಮಪದ?’ ಎಂದು ಕೇಳಿಕೊಳ್ಳುವನು. ಆ ಪ್ರಶ್ನೆಯನ್ನು ಕೇಳಬಲ್ಲವನಿಗೆ ಯಂತ್ರವು ಬಹುಕಾಲ ಅಪರಿಚಿತವಾಗಿ ಉಳಿಯಲಾರದು.