ಜಗಳವಿಲ್ಲದೆ ಮುಗಿದ ಜೋಡಿ: ನಾಜಿಯಾ ಮತ್ತು ಜೊಹೇಬ್

1980ರಲ್ಲಿ ತೆರೆಕಂಡ ಫಿರೋಜ್ ಖಾನ್ ಅವರ ‘ಕುರ್ಬಾನಿ’ಗೆ ಸಂಗೀತ ಕಲ್ಯಾಣ್‌ಜಿ–ಆನಂದ್‌ಜಿ ಅವರದು. ಆದರೆ ಊರೆಲ್ಲ ಗುನುಗಿದ ‘ಆಪ್ ಜೈಸಾ ಕೋಯಿ’ ಮಾತ್ರ ಲಂಡನ್ನಿನಿಂದ ಬಂದದ್ದು. ಹಾಡಿದ್ದು ಅಲ್ಲಿ ಓದುತ್ತಿದ್ದ ಕರಾಚಿ ಮೂಲದ ಶಾಲಾ ಹುಡುಗಿ ನಾಜಿಯಾ ಹಸನ್. ರಾಗ ಸಂಯೋಜಿಸಿದವರು ಬಿದ್ದು ಅಪ್ಪಯ್ಯ. ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲೇ ಟ್ರೋಜನ್ಸ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸಿ ಇಂಗ್ಲೆಂಡ್ ಸೇರಿದ ಇವರು, 1974ರಲ್ಲಿ ‘ಕುಂಗ್ ಫೂ ಫೈಟಿಂಗ್’ ಎಂಬ ಹಾಡನ್ನು ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿಸಿದ್ದರು. ಈ ಹೆಸರು ನಮ್ಮಲ್ಲೇ ಎಷ್ಟು ಜನರಿಗೆ ಗೊತ್ತು?

ನಾಜಿಯಾಳದು ಪಳಗಿದ ಕಂಠವಲ್ಲ. ತೆಳು ದನಿ, ತುಸು ಮೂಗಿನಿಂದ ಬರುವ ನಾದ. ಲತಾ, ಆಶಾ ಅವರ ಗಾಯನಕ್ಕೆ ಒಗ್ಗಿದ ಕಿವಿಗೆ ಅದು ಹೊಸತು. ಬಿದ್ದು ಆ ದನಿಯನ್ನು ತಿದ್ದಲು ಹೋಗಲಿಲ್ಲ. ಅದರದೇ ಇನ್ನೊಂದು ಪದರವನ್ನು ಅದರ ಮೇಲೆ ಕೂರಿಸಿ, ಕೆಳಗೆ ಡಿಸ್ಕೊ ತಾಳ ಹರಿಯಬಿಟ್ಟರು. ಹದಿನೈದರ ಹುಡುಗಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

1981ರಲ್ಲಿ ತಮ್ಮ ಜೊಹೇಬ್ ಜೊತೆಯಾದ. ‘ಡಿಸ್ಕೊ ದೀವಾನೆ’ ಆಲ್ಬಮ್ ಹೊರಬಂತು. ಅದಕ್ಕೆ ಸಿನಿಮಾ ಇರಲಿಲ್ಲ, ನಾಯಕಿ ಇರಲಿಲ್ಲ; ಮುಖಪುಟದಲ್ಲಿದ್ದದ್ದು ಹಾಡಿದ ಮಕ್ಕಳೇ. ಆದರೂ ಜನ ಮುಗಿಬಿದ್ದು ಕೊಂಡರು. ತೊಂಬತ್ತರ ದಶಕದಲ್ಲಿ ಭಾರತದಲ್ಲಿ ಪಾಪ್ ಆಲ್ಬಮ್‌ಗಳ ಸುಗ್ಗಿ ಬಂದದ್ದು ಈ ದಾರಿಯಲ್ಲೇ ಎಂಬುದು ನನ್ನ ದೃಢ ನಂಬಿಕೆ. 1982ರ ‘ಸ್ಟಾರ್’ ಚಿತ್ರ ಮರೆತುಹೋದರೂ ಅದರಲ್ಲಿ ನಾಜಿಯಾ ಹಾಡಿದ ‘ಬೂಮ್ ಬೂಮ್’ ಉಳಿದುಕೊಂಡಿತು. 1984ರಲ್ಲಿ ‘ಯಂಗ್ ತರಂಗ್’, 1987ರಲ್ಲಿ ‘ಹಾಟ್‌ಲೈನ್’ ಬಂದವು.

ಅಷ್ಟರಲ್ಲಿ ಮಕ್ಕಳು ದೊಡ್ಡವರಾಗಿದ್ದರು. 1992ರ ‘ಕ್ಯಾಮೆರಾ ಕ್ಯಾಮೆರಾ’ ಇಬ್ಬರೂ ಕೂಡಿ ಹೊರತಂದ ಕೊನೆಯ ಆಲ್ಬಮ್. ಹಣದ ತಗಾದೆ, ಅಸೂಯೆ, ಮ್ಯಾನೇಜರುಗಳ ಕಾಟ ಎಂದು ಹದಿಹರೆಯದ ತಂಡಗಳು ಒಡೆದ ಕಥೆಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಇಲ್ಲಿ ಅಕ್ಕ ಹಾಡು ಸಾಕು ಎಂದು ನಿರ್ಧರಿಸಿದಳು, ಅಷ್ಟೆ. ಕಾನೂನು ಓದಿದ್ದಳು, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದ್ದಳು. ಹಾಡಿನಾಚೆಗೂ ಅವಳಿಗೊಂದು ಬದುಕಿತ್ತು. ಅದನ್ನು ‘ಅವಕಾಶ ಕೈಚೆಲ್ಲಿದಳು’ ಎಂದು ಬರೆಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ಎಳೆಯ ವಯಸ್ಸಿನಲ್ಲಿ ಸಿಕ್ಕ ಕೀರ್ತಿಗೆ ಜೀವನಪೂರ್ತಿ ದುಡಿಯಬೇಕೆಂಬ ಕರಾರು ಯಾರೂ ಬರೆದುಕೊಟ್ಟಿರುವುದಿಲ್ಲ.

ದುಃಖದ ಸಂಗತಿ ಬೇರೆಯೇ ಇದೆ. ಶ್ವಾಸಕೋಶದ ಕ್ಯಾನ್ಸರ್ ತಗುಲಿ 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ನಾಜಿಯಾ ತೀರಿಕೊಂಡಾಗ ವಯಸ್ಸು 35. ಜೊಹೇಬ್ ‘ಕಿಸ್ಮತ್’ ಎಂಬ ತನ್ನದೇ ಆಲ್ಬಮ್ ತಂದದ್ದು 2006ರಲ್ಲಿ.

2012ರ ‘ಸ್ಟೂಡೆಂಟ್ ಆಫ್ ದಿ ಇಯರ್’ ಚಿತ್ರ ‘ಡಿಸ್ಕೊ ದೀವಾನೆ’ಯನ್ನು ಹೊಸ ಪೀಳಿಗೆಗೆ ಮುಟ್ಟಿಸಿತು. ಆ ಹಾಡಿಗೆ ಕುಣಿದವರು ದಯವಿಟ್ಟು ಒಮ್ಮೆ 1981ರ ಮೂಲ ಧ್ವನಿಮುದ್ರಣವನ್ನೂ ಕೇಳಿ.