ರೈತನ ಕಾರು

ಮೋಟಾರು ಕಾರು ಹುಟ್ಟಿದ ಕಾಲದಲ್ಲಿ ಅದು ಸಿರಿವಂತರ ಸೊತ್ತಾಗಿತ್ತು. ಅದನ್ನು ಸಾಮಾನ್ಯರ ಕೈಗೆಟಕಿಸಿದವರಲ್ಲಿ ಅಗ್ರಗಣ್ಯನು ಅಮೆರಿಕದ ಹೆನ್ರಿ ಫೋರ್ಡ್. 1908ರಲ್ಲಿ ಹೊರಬಂದ ಅವನ 'ಮಾಡೆಲ್ ಟಿ' ಕಾರಿನ ಬೆಲೆ ಮೊದಲು 850 ಡಾಲರುಗಳಷ್ಟಿತ್ತು. ಒಂದೇ ಬಗೆಯ ಕಾರನ್ನು ಅಪಾರ ಸಂಖ್ಯೆಯಲ್ಲಿ ತಯಾರಿಸಿದುದರಿಂದ 1920ರ ದಶಕದಲ್ಲಿ ಅದು 300 ಡಾಲರಿಗಿಂತಲೂ ಕೆಳಗಿಳಿಯಿತು. ಆದರೆ ಅಗ್ಗದ ಕಾರಿಗೆ ಇನ್ನೊಂದು ದಾರಿಯೂ ಉಂಟು. ಬಳಸುವವನಿಗೆ ಬೇಕಾದುದನ್ನು ಉಳಿಸಿಕೊಂಡು ಮಿಕ್ಕುದೆಲ್ಲವನ್ನೂ ಬಿಟ್ಟುಬಿಡುವುದೇ ಆ ದಾರಿ. ಅದನ್ನು ಹಿಡಿದದ್ದು ಫ್ರಾನ್ಸಿನ ಸಿಟ್ರೊಯೆನ್ ಕಂಪನಿ.

1930ರ ದಶಕದಲ್ಲಿ ಫ್ರಾನ್ಸಿನ ಹಳ್ಳಿಗರಲ್ಲಿ ಅನೇಕರು ಇನ್ನೂ ಕುದುರೆಗಾಡಿಯಲ್ಲಿಯೇ ಸಂತೆಗೆ ಹೋಗುತ್ತಿದ್ದರು. ಇದನ್ನು ಮನಗಂಡ ಕಂಪನಿಯ ಮುಖ್ಯಸ್ಥ ಪಿಯೆರ್ ಬುಲಾಂಜೆಯು ತನ್ನ ಎಂಜಿನಿಯರುಗಳ ಮುಂದೆ ವಿಚಿತ್ರವಾದ ಬೇಡಿಕೆಯೊಂದನ್ನಿಟ್ಟನು. ಇಬ್ಬರು ರೈತರನ್ನೂ 50 ಕಿಲೋಗ್ರಾಂ ಆಲೂಗೆಡ್ಡೆಯನ್ನೂ ಹೊತ್ತು ಕಾರು ಗಂಟೆಗೆ 60 ಕಿಲೋಮೀಟರು ಓಡಬೇಕು; 100 ಕಿಲೋಮೀಟರಿಗೆ 3 ಲೀಟರು ಪೆಟ್ರೋಲು ಸಾಕಾಗಬೇಕು; ಉತ್ತ ಹೊಲದಲ್ಲಿ ಹಾದುಹೋದರೂ ಬುಟ್ಟಿಯಲ್ಲಿಟ್ಟ ಮೊಟ್ಟೆಗಳು ಒಡೆಯಬಾರದು!

ಅಷ್ಟರಲ್ಲಿ ಮಹಾಯುದ್ಧವು ಬಂದೆರಗಿತು. ಜರ್ಮನರ ಕೈಗೆ ಸಿಕ್ಕಬಾರದೆಂದು ಮಾದರಿ ಕಾರುಗಳಲ್ಲಿ ಕೆಲವನ್ನು ಬಚ್ಚಿಟ್ಟು ಉಳಿದವನ್ನು ನಾಶಪಡಿಸಲಾಯಿತು. ಕೊನೆಗೆ 1948ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ '2 ಸಿವಿ' ಕಾಣಿಸಿಕೊಂಡಾಗ ಪತ್ರಕರ್ತರು ನಕ್ಕರು. ನಗುವಂತೆಯೇ ಇತ್ತೆನ್ನಿ. ಚಾವಣಿಯು ಸುರುಳಿ ಸುತ್ತಬಹುದಾದ ಬಟ್ಟೆಯದು. ಗಾಜನ್ನೊರೆಸುವ ಕಡ್ಡಿಯನ್ನು ತಿರುಗಿಸುತ್ತಿದ್ದುದು ವೇಗಮಾಪಕದ ತಂತಿ. ಕಾರು ನಿಧಾನವಾದರೆ ಅದೂ ನಿಧಾನ. ಪೆಟ್ರೋಲು ಎಷ್ಟಿದೆಯೆಂದು ನೋಡಲು ಟ್ಯಾಂಕಿಗೆ ಕಡ್ಡಿಯನ್ನಿಳಿಸಬೇಕು.

ಆದರೆ ಈ ಬಡತನದ ಹಿಂದೆ ಆಳವಾದ ಆಲೋಚನೆಯಿತ್ತು. 375 ಘನ ಸೆಂಟಿಮೀಟರಿನ, 9 ಕುದುರೆಶಕ್ತಿಯ ಎಂಜಿನ್ನು ಗಾಳಿಯಿಂದಲೇ ತಂಪಾಗುತ್ತಿತ್ತು. ನೀರೇ ಇಲ್ಲದುದರಿಂದ ಚಳಿಗಾಲದಲ್ಲಿ ಹೆಪ್ಪುಗಟ್ಟುವ ಭಯವಿರಲಿಲ್ಲ. ಆಸನಗಳನ್ನು ಕಿತ್ತಿಟ್ಟರೆ ಮೂಟೆಗಳಿಗೆ ಜಾಗವಾಗುತ್ತಿತ್ತು. ಪ್ರತಿ ಪಕ್ಕದ ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಕಾರಿನ ಅಡಿಯಲ್ಲಿದ್ದ ಒಂದೇ ಕೊಳವೆಯೊಳಗಿನ ಸ್ಪ್ರಿಂಗುಗಳಿಗೆ ಜೋಡಿಸಿದ್ದರು. ಮುಂದಿನ ಚಕ್ರವು ದಿಬ್ಬವನ್ನೇರಿದಾಗ ಅದರ ನೂಕು ಹಿಂದಕ್ಕೂ ಹಂಚಿಹೋಗಿ ಕಾರು ತೂಗಾಡುತ್ತಿತ್ತೇ ಹೊರತು ಕುಲುಕುತ್ತಿರಲಿಲ್ಲ. ಮೊಟ್ಟೆಗಳನ್ನು ಕಾಯುತ್ತಿದ್ದುದು ಈ ಏರ್ಪಾಡು.

ಬೇಡಿಕೆಯು ಎಷ್ಟು ಹೆಚ್ಚಿತೆಂದರೆ, ಕಾರಿಗಾಗಿ ಜನರು ವರ್ಷಗಟ್ಟಲೆ ಕಾಯಬೇಕಾಯಿತು. ಆಗ ಕಂಪನಿಯು ಹಳ್ಳಿಯ ವೈದ್ಯರು, ಸೂಲಗಿತ್ತಿಯರು, ಪಶುವೈದ್ಯರು, ಸಣ್ಣ ಹಿಡುವಳಿದಾರರು ಮೊದಲಾದವರಿಗೆ ಆದ್ಯತೆ ಕೊಟ್ಟಿತು. ಹಣವುಳ್ಳವನಿಗಿಂತ ಅಗತ್ಯವುಳ್ಳವನು ಸಾಲಿನಲ್ಲಿ ಮುಂದೆ ನಿಂತುದು ವ್ಯಾಪಾರದ ಲೋಕದಲ್ಲಿ ಅಪರೂಪದ ಸಂಗತಿ. ಬುಲಾಂಜೆಯು ಈ ಯಶಸ್ಸನ್ನು ಹೆಚ್ಚು ಕಾಲ ಕಾಣಲಿಲ್ಲ; 1950ರಲ್ಲಿ ಕಾರಿನ ಅಪಘಾತದಲ್ಲಿ ತೀರಿಕೊಂಡನು. ಅವನ ಕಾರು ಮಾತ್ರ ಇನ್ನೂ 40 ವರ್ಷ ತಯಾರಾಗುತ್ತಲೇ ಇದ್ದು, 1990ರ ಜುಲೈ ತಿಂಗಳಲ್ಲಿ ಪೋರ್ಚುಗಲ್ಲಿನ ಕಾರ್ಖಾನೆಯೊಂದರಿಂದ ಕೊನೆಯದು ಹೊರಬಂದಿತು.