ಮೂರು ಕಾಲದ ಮೂರು ತಂಡಗಳು: ಹಾಸನ ಸೀಮೆಯ ಕ್ರಿಕೆಟ್ ಅಭಿಮಾನಿಗಳ ಒಂದು ವಿವಾದ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳಲ್ಲಿ ಕ್ರಿಕೆಟ್ಟಿನ ಮಾತು ಸ್ವಲ್ಪ ಬೆಳೆಯಿತೆಂದರೆ ಒಂದು ಪ್ರಶ್ನೆ ತಲೆಯೆತ್ತುವುದನ್ನು ನಾವು ಕಂಡಿದ್ದೇವೆ. ರಣಜಿ ಟ್ರೋಫಿಯನ್ನು ಗೆದ್ದ ನಮ್ಮ ರಾಜ್ಯದ ತಂಡಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು? ಪ್ರಸನ್ನ, ಚಂದ್ರಶೇಖರ್, ವಿಶ್ವನಾಥರ ತಂಡವೆ? ಕುಂಬ್ಳೆ, ಶ್ರೀನಾಥ್, ದ್ರಾವಿಡರ ಕಾಲದ ತಂಡವೆ? ಅಥವಾ ವಿನಯ್ ಕುಮಾರರ ನಾಯಕತ್ವದಲ್ಲಿ ಎರಡು ವರ್ಷ ಎಡೆಬಿಡದೆ ಗೆದ್ದ ತಂಡವೆ? ಕಾಫಿ ಆರುವಷ್ಟು ಹೊತ್ತು ನಡೆಯುವ ಈ ವಿವಾದವನ್ನು ಕಾಲಹರಣವೆಂದು ತಳ್ಳಿಹಾಕುವುದು ಸುಲಭ. ಆದರೆ ವಾದಿಗಳು ಯಾವ ಅಳತೆಗೋಲನ್ನು ಹಿಡಿದು ತಮ್ಮ ತಂಡವನ್ನು ಅಳೆಯುತ್ತಾರೆ ಎಂಬುದನ್ನು ಗಮನಿಸಿದರೆ ವಿಷಯವು ಅಷ್ಟು ಹಗುರವಾದುದಲ್ಲವೆಂದು ತಿಳಿದುಬರುತ್ತದೆ.

ಇಂಥ ಚರ್ಚೆ ಕ್ರಿಕೆಟ್ಟಿಗೆ ಮಾತ್ರ ಸೇರಿದುದೂ ಅಲ್ಲ. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳು ೧೯೪೯ರಿಂದ ೧೯೫೩ರವರೆಗೆ ಒಟ್ಟಿಗೆ ಆಡಿದ ‘ಪಂಚಪಾಂಡವ’ರೆಂಬ ಮುಂಚೂಣಿಯ ಐವರನ್ನು, ೧೯೭೦ರಿಂದ ೧೯೭೫ರವರೆಗೆ ಆರು ವರ್ಷ ಸತತವಾಗಿ ಕಲ್ಕತ್ತೆಯ ಲೀಗನ್ನು ಗೆದ್ದ ತಂಡದೊಡನೆ ತೂಗಿ ನೋಡುತ್ತ ಬಂದಿದ್ದಾರೆ. ಆ ಐವರಲ್ಲೊಬ್ಬರಾದ ಅಹಮದ್ ಖಾನ್ ಬೆಂಗಳೂರಿನವರು. ೧೯೪೮ ಮತ್ತು ೧೯೫೨ರ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತದ ಪರವಾಗಿ ಆಡಿದವರು. ಹಾಸನ ಸೀಮೆಯಲ್ಲಿ ಅಷ್ಟು ಅಭಿಮಾನವನ್ನು ಸೆಳೆದ ಕ್ಲಬ್ಬು ಬೆಳೆಯಲಿಲ್ಲ. ಆ ಸ್ಥಾನವನ್ನು ರಾಜ್ಯದ ಕ್ರಿಕೆಟ್ ತಂಡವೇ ತುಂಬಿತು. ನೆರೆಯ ಕೊಡಗಿನ ಗಾಳಿ ಬೀಸುವ ಅರಕಲಗೂಡಿನ ಕಡೆ ಹಾಕಿಯ ಮಾತೂ ಕೇಳಿಬರುವುದುಂಟು, ಅದು ಬೇರೆ ಸಂಗತಿ.

ಮೊದಲನೆಯ ತಂಡದ ಹಿರಿಮೆಯನ್ನು ಅರಿಯಬೇಕಾದರೆ ಅದರ ಹಿಂದಿನ ಸೋಲುಗಳನ್ನು ನೆನೆಯಬೇಕು. ರಣಜಿ ಪಂದ್ಯಾವಳಿಯ ಮೊತ್ತಮೊದಲ ಪಂದ್ಯವೇ ಮೈಸೂರು ಮತ್ತು ಮದರಾಸು ತಂಡಗಳ ನಡುವೆ ೧೯೩೪ರ ನವೆಂಬರ್ ೪ರಂದು ಚೆಪಾಕಿನಲ್ಲಿ ನಡೆಯಿತು. ಮೈಸೂರು ೪೮ ಮತ್ತು ೫೯ ಓಟಗಳಿಗೆ ಕುಸಿದು, ಒಂದೇ ದಿನದಲ್ಲಿ ಇನ್ನಿಂಗ್ಸ್ ಮತ್ತು ೨೩ ಓಟಗಳಿಂದ ಸೋತಿತು. ಮುಂದೆ ೧೯೪೧-೪೨ರಲ್ಲಿಯೂ ೧೯೫೯-೬೦ರಲ್ಲಿಯೂ ಅಂತಿಮ ಪಂದ್ಯವನ್ನು ಮುಟ್ಟಿ, ಎರಡು ಸಲವೂ ಬೊಂಬಾಯಿಗೆ ತಲೆಬಾಗಿತು. ಆ ಬೊಂಬಾಯಿ ತಂಡವಾದರೋ ೧೯೫೮-೫೯ರಿಂದ ೧೯೭೨-೭೩ರವರೆಗೆ ಹದಿನೈದು ವರ್ಷ ಟ್ರೋಫಿಯನ್ನು ಯಾರ ಕೈಗೂ ಬಿಟ್ಟುಕೊಡಲಿಲ್ಲ. ಆ ಕಾಲದಲ್ಲಿ ಹುಟ್ಟಿ ಹೈಸ್ಕೂಲು ಮುಟ್ಟಿದ ಹುಡುಗನು ಬೇರೊಂದು ವಿಜೇತ ತಂಡದ ಹೆಸರನ್ನೇ ಕೇಳಿರಲಾರ.

೧೯೭೩ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಐದು ತಿಂಗಳು ತುಂಬುವ ಮೊದಲೇ, ೧೯೭೪ರ ಮಾರ್ಚಿಯಲ್ಲಿ, ಹೊಸ ಹೆಸರಿನ ತಂಡವು ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಬೊಂಬಾಯಿಯನ್ನು ಎದುರಿಸಿತು. ವಿಶ್ವನಾಥರು ೧೬೨, ಬ್ರಿಜೇಶ್ ಪಟೇಲರು ೧೦೬ ಓಟ ಗಳಿಸಿದರು. ಪ್ರಸನ್ನರ ಎಸೆತಕ್ಕೆ ಗಾವಸ್ಕರರ ವಿಕೆಟ್ಟು ಉರುಳಿತು. ನಾಯಕ ವಾಡೇಕರರು ಓಡುವಾಗ ಕಾಲು ಜಾರಿ ರನ್ ಔಟಾದರು. ಕರ್ನಾಟಕದ ೩೮೫ಕ್ಕೆ ಬೊಂಬಾಯಿಯ ಉತ್ತರ ೩೦೭. ಜೈಪುರದ ಅಂತಿಮ ಪಂದ್ಯದಲ್ಲಿ ರಾಜಸ್ಥಾನವನ್ನು ೧೮೫ ಓಟಗಳಿಂದ ಸೋಲಿಸಿದುದು ಹಿರಿಯರ ನೆನಪಿನಲ್ಲಿ ಹೆಚ್ಚೇನೂ ಉಳಿದಿಲ್ಲ. ಅವರ ಪಾಲಿಗೆ ಟ್ರೋಫಿ ಬಂದುದು ಸೆಮಿಫೈನಲ್ಲಿನಲ್ಲಿಯೇ. “ಬೊಂಬಾಯನ್ನ ಕೆಡವಿದ್ದು ಯಾರಯ್ಯ?” ಎಂಬ ಒಂದೇ ಪ್ರಶ್ನೆಯಿಂದ ಕಿರಿಯರ ಬಾಯಿ ಮುಚ್ಚಿಸಲು ಅವರು ಯತ್ನಿಸುವುದು ಇದೇ ಕಾರಣದಿಂದ.

ಅದೇ ಪೀಳಿಗೆಯು ೧೯೭೭-೭೮ರಲ್ಲಿ ಉತ್ತರ ಪ್ರದೇಶವನ್ನು ಇನ್ನಿಂಗ್ಸ್ ಮತ್ತು ೧೯೩ ಓಟಗಳಿಂದ ಮಣಿಸಿತು. ಆ ಅಂತಿಮ ಪಂದ್ಯದಲ್ಲಿ ವಿಶ್ವನಾಥರು ೨೪೭ ಓಟ ಹೊಡೆದರು. ಅದೇ ವರ್ಷ ಚಿಕ್ಕಮಗಳೂರಿನಲ್ಲಿ ಕೇರಳದ ವಿರುದ್ಧ ಸಂಜಯ ದೇಸಾಯಿ ಮತ್ತು ರೋಜರ್ ಬಿನ್ನಿ ಮೊದಲ ವಿಕೆಟ್ಟಿಗೆ ೪೫೧ ಓಟಗಳನ್ನು ಕೂಡಿಸಿ, ಇಬ್ಬರೂ ಔಟಾಗದೆ ಉಳಿದರು. ಹಾಸನದಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ಊರಿನಲ್ಲಿ ನಡೆದ ಈ ಸಾಹಸವು ಇಲ್ಲಿನವರ ವಾದದಲ್ಲಿ ಆಗಾಗ್ಗೆ ತಲೆದೋರುತ್ತದೆ. ೧೯೮೨-೮೩ರಲ್ಲಿ ಬ್ರಿಜೇಶ್ ಪಟೇಲರ ನಾಯಕತ್ವದಲ್ಲಿ ಬೊಂಬಾಯಿಯನ್ನು ಬೊಂಬಾಯಿಯಲ್ಲಿಯೇ ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಹಿಂದೆ ಹಾಕಿದುದು ಈ ಪರಂಪರೆಯ ಕೊನೆಯ ಕುಡಿ.

ಎರಡನೆಯ ತಂಡದ ವಿಷಯದಲ್ಲಿ ಹಾಸನ ಜಿಲ್ಲೆಯವರ ದನಿ ಬದಲಾಗುತ್ತದೆ. ಜಾವಗಲ್ ಅರಸೀಕೆರೆ ತಾಲ್ಲೂಕಿನ ಊರು. ಶ್ರೀನಾಥರು ಹುಟ್ಟಿದುದು ಮೈಸೂರಿನಲ್ಲಿ. ಆದರೂ ಅವರು ಬ್ರಿಸ್ಬೇನಿನಲ್ಲಿ ಚೆಂಡೆಸೆದಾಗಲೂ ಡರ್ಬನ್ನಿನಲ್ಲಿ ಚೆಂಡೆಸೆದಾಗಲೂ ಜಿಲ್ಲೆಯ ಒಂದು ಗ್ರಾಮದ ಹೆಸರು ಅವರ ಹೆಸರಿನ ಮುಂದೆ ಜಗತ್ತಿಗೆಲ್ಲ ಕೇಳಿಸಿತು. ೧೯೮೯-೯೦ರಲ್ಲಿ ರಾಜ್ಯದ ಪರವಾಗಿ ಆಡಿದ ಮೊದಲ ಪಂದ್ಯದಲ್ಲಿಯೇ ಹೈದರಾಬಾದಿನ ವಿರುದ್ಧ ಹ್ಯಾಟ್ರಿಕ್ ಪಡೆದವರು ಅವರು. ಅರಸೀಕೆರೆಯಲ್ಲಿಯೇ ಹುಟ್ಟಿದ ಡೇವಿಡ್ ಜಾನ್ಸನ್, ೧೯೯೫-೯೬ರಲ್ಲಿ ಕೇರಳದ ವಿರುದ್ಧ ಒಂದೇ ಪಂದ್ಯದಲ್ಲಿ ಹತ್ತು ವಿಕೆಟ್ಟು ಪಡೆದು, ೧೯೯೬ರಲ್ಲಿ ಭಾರತದ ಪರ ಎರಡು ಟೆಸ್ಟ್ ಪಂದ್ಯಗಳನ್ನು ಆಡಿದರು, ೨೦೨೪ರಲ್ಲಿ ತೀರಿಕೊಂಡರು. ಎರಡೇ ಟೆಸ್ಟುಗಳ ಆಟಗಾರನನ್ನು ಬೇರೆ ಜಿಲ್ಲೆಯವರು ಮರೆತಿರಬಹುದು, ಇಲ್ಲಿ ಮರೆತಿಲ್ಲ.

ಈ ಕಾಲದಲ್ಲಿ ೧೯೯೫-೯೬, ೧೯೯೭-೯೮, ೧೯೯೮-೯೯ ಹೀಗೆ ನಾಲ್ಕು ವರ್ಷಗಳೊಳಗೆ ಮೂರು ಸಲ ಟ್ರೋಫಿ ಬಂದಿತು. ವಿಶೇಷವೆಂದರೆ, ಯಾರ ಹೆಸರಿನಿಂದ ಈ ತಂಡವನ್ನು ನಾವು ಗುರುತಿಸುತ್ತೇವೆಯೋ ಅವರೇ ರಾಷ್ಟ್ರೀಯ ತಂಡದ ಕರೆಯಿಂದಾಗಿ ರಾಜ್ಯದ ಪಂದ್ಯಗಳಿಗೆ ಅನೇಕ ಬಾರಿ ದೊರೆಯುತ್ತಿರಲಿಲ್ಲ. ಭಾರವನ್ನು ಹೊತ್ತವರು ಬೇರೆಯವರು. ಗದಗಿನ ಸುನಿಲ್ ಜೋಶಿ ೧೯೯೫-೯೬ರ ಒಂದೇ ಋತುವಿನಲ್ಲಿ ೫೦೦ಕ್ಕೂ ಹೆಚ್ಚು ಓಟ ಗಳಿಸಿ ೫೦ಕ್ಕೂ ಹೆಚ್ಚು ವಿಕೆಟ್ಟು ಪಡೆದರು. ೧೯೯೮-೯೯ರ ಅಂತಿಮ ಪಂದ್ಯದಲ್ಲಿ ಮಧ್ಯಪ್ರದೇಶವು ಮೊದಲ ಇನ್ನಿಂಗ್ಸಿನಲ್ಲಿ ೭೫ ಓಟ ಮುಂದಿದ್ದು, ಕೊನೆಯ ದಿನವನ್ನು ಹೇಗಾದರೂ ಕಳೆದರೆ ಸಾಕೆಂಬ ಸ್ಥಿತಿಯಲ್ಲಿದ್ದಾಗ ವಿಜಯ ಭಾರದ್ವಾಜರು ೨೪ ಓಟ ಕೊಟ್ಟು ಆರು ವಿಕೆಟ್ಟು ಕಿತ್ತರು. ಕರ್ನಾಟಕ ೯೬ ಓಟಗಳಿಂದ ಗೆದ್ದಿತು. ಆದುದರಿಂದ ಈ ತಂಡದ ಪಕ್ಷಪಾತಿಗಳು ಹಿಡಿಯುವ ಅಳತೆಗೋಲು ಬೇರೆ: ಒಂದು ತಂಡದ ಬಲವನ್ನು ಅದರ ತಾರೆಗಳು ಇಲ್ಲದಿರುವಾಗ ನೋಡಬೇಕು, ಎನ್ನುತ್ತಾರೆ ಅವರು. ಈ ವಾದದಲ್ಲಿ ಒಂದು ತೊಡಕಿದೆ. ಹೊಗಳುವಾಗ ಕುಂಬ್ಳೆ, ಶ್ರೀನಾಥ್, ದ್ರಾವಿಡರನ್ನು ತಂಡಕ್ಕೆ ಸೇರಿಸಿಕೊಂಡು, ತೂಗುವಾಗ ಅವರನ್ನು ಹೊರಗಿಡುವುದು ಒಂದೇ ತಕ್ಕಡಿಯಲ್ಲಿ ಎರಡು ಬಗೆಯ ತೂಕದ ಕಲ್ಲಿಟ್ಟಂತೆ.

ಮೂರನೆಯ ತಂಡದ ವಾದಕ್ಕೆ ಅಂಕಿ ಅಂಶಗಳೇ ಸಾಕು. ೨೦೧೩-೧೪ರಲ್ಲಿ ಮಹಾರಾಷ್ಟ್ರವನ್ನು ಹೈದರಾಬಾದಿನಲ್ಲಿ ಏಳು ವಿಕೆಟ್ಟುಗಳಿಂದ, ೨೦೧೪-೧೫ರಲ್ಲಿ ತಮಿಳುನಾಡನ್ನು ಮುಂಬಯಿಯಲ್ಲಿ ಇನ್ನಿಂಗ್ಸ್ ಮತ್ತು ೨೧೭ ಓಟಗಳಿಂದ ಗೆದ್ದಿತು. ಎರಡನೆಯ ಪಂದ್ಯದಲ್ಲಿ ಕರುಣ್ ನಾಯರ್ ೩೨೮, ರಾಹುಲ್ ೧೮೮. ದಾವಣಗೆರೆಯ ವಿನಯ್ ಕುಮಾರರು ಮೊದಲು ಐದು ವಿಕೆಟ್ಟು ಪಡೆದು, ಬಳಿಕ ಶತಕವನ್ನೂ ಹೊಡೆದರು. ಎರಡು ವರ್ಷಗಳಲ್ಲಿಯೂ ರಣಜಿಯೊಡನೆ ಇರಾನಿ ಕಪ್ಪನ್ನೂ ವಿಜಯ್ ಹಜಾರೆ ಟ್ರೋಫಿಯನ್ನೂ ತಂದರು.

ಈಗ ಅಳತೆಗೋಲುಗಳನ್ನೇ ಪರಿಶೀಲಿಸೋಣ. ಹಿರಿಯರು ಎದುರಾಳಿಯಿಂದ ಅಳೆಯುತ್ತಾರೆ, ನಡುವಯಸ್ಸಿನವರು ಕೊರತೆಯ ನಡುವಿನ ಸಾಮರ್ಥ್ಯದಿಂದ, ಕಿರಿಯರು ಗೆಲುವಿನ ಅಂತರದಿಂದ. ಪ್ರತಿಯೊಬ್ಬರ ಕೋಲೂ ಅವರವರ ತಂಡದ ಎತ್ತರಕ್ಕೆ ಸರಿಯಾಗಿ ಕಡಿದಿಟ್ಟುದು. ಹೀಗಿರಲು ವಾದ ಮುಗಿಯುವುದೆಂತು? ಅದಕ್ಕಿಂತ ಮುಖ್ಯವಾಗಿ, ಗೆಲುವು ಎಂಬ ಮಾತಿನ ಅರ್ಥವೇ ಮೂರು ಕಡೆಯೂ ಒಂದಲ್ಲ. ರಣಜಿಯ ನಾಕೌಟ್ ಪಂದ್ಯ ಪೂರ್ಣವಾಗದೆ ಡ್ರಾ ಆದರೆ ಮೊದಲ ಇನ್ನಿಂಗ್ಸಿನಲ್ಲಿ ಮುಂದಿದ್ದವರೇ ವಿಜಯಿಗಳು. ೧೯೭೪ರ ಸೆಮಿಫೈನಲ್ಲು ತೀರ್ಮಾನವಾದುದು ೭೮ ಓಟಗಳ ಇಂಥ ಮುನ್ನಡೆಯಿಂದ. ೧೯೮೨-೮೩, ೧೯೯೫-೯೬, ೧೯೯೭-೯೮ರ ಅಂತಿಮ ಪಂದ್ಯಗಳೂ ಹಾಗೆಯೇ. ವಾಡೇಕರರ ಕಾಲು ಜಾರದಿದ್ದರೆ ಏನಾಗುತ್ತಿತ್ತೆಂದು ಕಿರಿಯರು ಕೇಳಿದರೆ ಹಿರಿಯರಿಗೆ ಸಿಟ್ಟು ಬರುವುದು ಸಹಜ. ಆದರೆ ಪ್ರಶ್ನೆ ಅಸಂಗತವಾದುದಲ್ಲ.

ಅತ್ತ ಕಿರಿಯರ ಲೆಕ್ಕದಲ್ಲಿಯೂ ದೋಷವಿದೆ. ೧೯೭೩-೭೪ರಲ್ಲಿ ದಕ್ಷಿಣ ವಲಯದಲ್ಲಿದ್ದುದು ಐದು ತಂಡಗಳು. ಆದುದರಿಂದ ಲೀಗಿನಲ್ಲಿ ನಮ್ಮ ತಂಡಕ್ಕೆ ದೊರೆತುದು ನಾಲ್ಕೇ ಪಂದ್ಯಗಳು. ೨೦೧೪-೧೫ರಲ್ಲಿ ಎಂಟು ಲೀಗ್ ಪಂದ್ಯಗಳು, ಅನಂತರ ಮೂರು ನಾಕೌಟ್ ಪಂದ್ಯಗಳು. ವಿಜಯ್ ಹಜಾರೆ ಟ್ರೋಫಿಯಂಥ ರಾಜ್ಯಗಳ ಒಂದು ದಿನದ ಪಂದ್ಯಾವಳಿ ಪ್ರಸನ್ನರ ಕಾಲದಲ್ಲಿ ಇರಲೇ ಇಲ್ಲ; ಇಲ್ಲದ ಟ್ರೋಫಿಯನ್ನು ಅವರು ಗೆಲ್ಲಲಿಲ್ಲವೆಂದು ಎಣಿಸುವುದು ನ್ಯಾಯವಲ್ಲ.

ತಂಡವನ್ನು ಹೇಗೆ ಅರಿತೆವು ಎಂಬುದೂ ತೀರ್ಪಿನಲ್ಲಿ ಸೇರಿಕೊಳ್ಳುತ್ತದೆ. ಮೊದಲ ತಂಡವನ್ನು ಈ ಊರುಗಳವರು ಬಹುಮಟ್ಟಿಗೆ ಕಿವಿಯಿಂದ ಅರಿತರು: ರೇಡಿಯೋ, ಮರುದಿನದ ಪತ್ರಿಕೆ, ಬೆಂಗಳೂರಿನಿಂದ ಬಂದ ನೆಂಟರ ಬಾಯಿ. ಮೂರನೆಯ ತಂಡವನ್ನು ದೂರದರ್ಶನದಲ್ಲಿಯೂ ಕೈಯೊಳಗಿನ ಮೊಬೈಲಿನಲ್ಲಿಯೂ ಎಸೆತ ಎಸೆತವಾಗಿ ಕಂಡರು. ಕಂಡುದರ ತಪ್ಪುಗಳು ಕಣ್ಣಿಗೆ ಕಟ್ಟುತ್ತವೆ. ಕೇಳಿದುದು ಹೇಳುತ್ತ ಹೇಳುತ್ತ ನಯವಾಗುತ್ತದೆ. ನಾಟಕದ ಕಂಪನಿಗಳ ಹಳೆಯ ನಟರ ವಿಷಯದಲ್ಲಿಯೂ ಇದೇ ನಡೆದಿದೆ. ಇನ್ನೊಂದು ಸೂಕ್ಷ್ಮವೂ ಉಂಟು: ಚನ್ನರಾಯಪಟ್ಟಣ ಬೆಂಗಳೂರಿನ ಹೆದ್ದಾರಿಯ ಮೇಲಿದೆ, ಹೊಳೆನರಸೀಪುರ ಮೈಸೂರಿನ ರೈಲುದಾರಿಯ ಮೇಲಿದೆ. ಶ್ರೀನಾಥರ ಹೆಸರು ಹೊಳೆನರಸೀಪುರದಲ್ಲಿ ಒಂದು ಪಟ್ಟು ಹೆಚ್ಚು ಕೇಳಿಬರುತ್ತದೆಂದು ನಮಗೆ ತೋರಿದೆ. ಇದನ್ನು ನಾವು ಒತ್ತಿ ಹೇಳಲಾರೆವು.

ನಮ್ಮ ಅಭಿಪ್ರಾಯವನ್ನು ಮರೆಮಾಚುವುದೂ ಸರಿಯಲ್ಲ. ಒಂದು ತಂಡವು ತನ್ನ ಕಾಲದ ಇತರ ತಂಡಗಳಿಗಿಂತ ಎಷ್ಟು ಎತ್ತರದಲ್ಲಿತ್ತು ಎಂಬುದೇ ಒಪ್ಪತಕ್ಕ ಅಳತೆಯಾದರೆ ೨೦೧೩ರಿಂದ ೨೦೧೫ರವರೆಗಿನ ತಂಡವೇ ಮುಂದೆ ನಿಲ್ಲುತ್ತದೆ. ಒಂದೇ ಪಂದ್ಯದ ಸಾಧನೆಯನ್ನು ಕೇಳಿದರೆ ೧೯೭೪ರ ಮಾರ್ಚಿಗೆ ಸಾಟಿಯಿಲ್ಲ. ಈ ಎರಡು ಪ್ರಶ್ನೆಗಳನ್ನು ಬೇರ್ಪಡಿಸದೆ ಒಂದರ ಉತ್ತರದಿಂದ ಇನ್ನೊಂದನ್ನು ಅಲ್ಲಗಳೆಯುವುದರಿಂದಲೇ ವಾದವು ಸುತ್ತಿದಲ್ಲೇ ಸುತ್ತುತ್ತದೆ.

ಈ ವಾದದಲ್ಲಿ ಎಂದೂ ಲೆಕ್ಕಕ್ಕೆ ಬಾರದ ಪಂದ್ಯವೊಂದಿದೆ. ೨೦೧೦ರ ಜನವರಿಯಲ್ಲಿ ರಣಜಿಯ ಅಂತಿಮ ಪಂದ್ಯ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬಯಿಯೊಡನೆ ನಡೆಯಿತು. ಮೂರು ಕಾಲದ ಗೆಲುವುಗಳ ಅಂತಿಮ ಪಂದ್ಯಗಳಲ್ಲಿ ಯಾವುದೂ ಈ ನಾಲ್ಕು ಊರುಗಳಿಗೆ ಇಷ್ಟು ಹತ್ತಿರದಲ್ಲಿ ನಡೆದುದಲ್ಲ. ಗೆಲ್ಲಲು ೩೩೮ ಬೇಕಾಗಿದ್ದಾಗ ಮನೀಶ್ ಪಾಂಡೆ ೧೪೪ ಹೊಡೆದರು. ತಂಡವು ೩೩೧ಕ್ಕೆ ಮುಗಿದು ಆರು ಓಟಗಳಿಂದ ಸೋತಿತು. ಪಾಂಡೆ, ವಿನಯ್ ಕುಮಾರ್, ಮಿಥುನ್ ಈ ಮೂವರೂ ಅಂದು ಆಡಿದವರು, ಮುಂದೆ ಮೂರನೆಯ ತಂಡದಲ್ಲಿಯೂ ಇದ್ದವರು. ಮೊದಲನೆಯ ತಂಡದ ಕಥೆಯನ್ನು ೧೯೫೯-೬೦ರ ಸೋಲಿನಿಂದ ಆರಂಭಿಸುವ ಹಿರಿಯರು ಮೂರನೆಯದರ ಕಥೆಯನ್ನು ಮೈಸೂರಿನ ಆ ಆರು ಓಟಗಳಿಂದ ಆರಂಭಿಸುವುದನ್ನು ನಾವು ಇದುವರೆಗೆ ಕೇಳಿಲ್ಲ.